ಕನಿಷ್ಕ ಬಿದ್ದ ಕಡಲು, ಅಹಕಿಸ್ತಾ ಎಂಬ ಊರು

ಐರ್ಲೆಂಡಿನ ನೈರುತ್ಯ ತುದಿಯಲ್ಲಿ, ಕಾರ್ಕ್ ಕೌಂಟಿಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಬೆರಳು ಚಾಚಿದಂತೆ ಒಂದು ಕಿರಿದಾದ ನೆಲದ ಪಟ್ಟಿ ಇದೆ. ಅದರ ಹೆಸರು ಷೀಪ್ಸ್ ಹೆಡ್. ಆ ಪಟ್ಟಿಯ ಒಂದು ಬದಿಯಲ್ಲಿ ಡನ್‌ಮಾನಸ್ ಕೊಲ್ಲಿಗೆ ಮುಖ ಮಾಡಿ ಅಹಕಿಸ್ತಾ ಎಂಬ ಪುಟ್ಟ ಊರಿದೆ. ಪ್ರತಿವರ್ಷ ಜೂನ್ 23ರ ಬೆಳಿಗ್ಗೆ ಅಲ್ಲಿ ಒಂದಷ್ಟು ಜನ ಸೇರುತ್ತಾರೆ. ಕೆನಡಾದಿಂದ, ಭಾರತದಿಂದ, ಇಂಗ್ಲೆಂಡಿನಿಂದ ಬಂದವರು ಅವರಲ್ಲಿದ್ದಾರೆ. ಅವರ ಪಕ್ಕದಲ್ಲೇ ಆ ಊರಿನ ರೈತರು, ಮೀನುಗಾರರು, ಶಾಲೆಯ ಮಕ್ಕಳು ನಿಂತಿರುತ್ತಾರೆ. ಬೆಳಗಿನ ಎಂಟೂಕಾಲರ ಸುಮಾರಿಗೆ ಎಲ್ಲರೂ ಮೌನವಾಗಿ ಕಡಲಿನ ಕಡೆ ನೋಡುತ್ತಾರೆ. 1985ರಲ್ಲಿ ಅದೇ ಹೊತ್ತಿಗೆ, ಆ ತೀರದಿಂದ ಸುಮಾರು 190 ಕಿಲೋಮೀಟರ್ ದೂರದಲ್ಲಿ, ಏರ್ ಇಂಡಿಯಾದ 182ನೇ ಸಂಖ್ಯೆಯ ವಿಮಾನ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 329 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ವಿಮಾನದ ಹೆಸರು ‘ಎಂಪರರ್ ಕನಿಷ್ಕ’. ಆಗಿನ ಏರ್ ಇಂಡಿಯಾ ತನ್ನ ಬೋಯಿಂಗ್ 747 ವಿಮಾನಗಳಿಗೆ ಚಕ್ರವರ್ತಿಗಳ ಹೆಸರಿಡುತ್ತಿತ್ತು. ಹಾಗಾಗಿ ನಮ್ಮಲ್ಲಿ ಇದು ‘ಕನಿಷ್ಕ ದುರಂತ’ ಎಂದೇ ಉಳಿಯಿತು. ಈಗ ಐವತ್ತು ದಾಟಿದವರಿಗೆ ಆ ಹೆಸರು ಕೇಳಿದರೆ ಪತ್ರಿಕೆಯ ಮುಖಪುಟ ನೆನಪಾದೀತು. ಆಮೇಲೆ ಹುಟ್ಟಿದವರಿಗೆ ಅದು ಪಠ್ಯಪುಸ್ತಕದ ಕುಶಾನ ದೊರೆಯ ಹೆಸರು, ಅಷ್ಟೆ.

ಟೊರಾಂಟೊದಿಂದ ಹೊರಟು, ಮಾಂಟ್ರಿಯಲ್‌ನಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು, ಲಂಡನ್ನಿನ ಮೂಲಕ ದೆಹಲಿಗೆ, ಅಲ್ಲಿಂದ ಬೊಂಬಾಯಿಗೆ ಹೋಗಬೇಕಾಗಿದ್ದ ವಿಮಾನ ಅದು. ಕೆನಡಾದಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವ ಸಮಯ. ಮಕ್ಕಳನ್ನು ಅಜ್ಜಿಯ ಮನೆಗೆ ಕರೆದೊಯ್ಯುತ್ತಿದ್ದ ತಾಯಂದಿರು, ವರ್ಷಗಟ್ಟಲೆ ಹಣ ಕೂಡಿಸಿ ಟಿಕೆಟ್ ಕೊಂಡ ಸಂಸಾರಗಳು, ಮಕ್ಕಳ ಮನೆಯಲ್ಲಿ ಕೆಲ ತಿಂಗಳಿದ್ದು ಹಿಂದಿರುಗುತ್ತಿದ್ದ ಹಿರಿಯರು ಅದರಲ್ಲಿದ್ದರು. ಸತ್ತವರಲ್ಲಿ 268 ಮಂದಿ ಕೆನಡಾದ ಪ್ರಜೆಗಳು. 80ಕ್ಕೂ ಹೆಚ್ಚು ಮಂದಿ ಮಕ್ಕಳು. 29 ಕುಟುಂಬಗಳು ಇಡಿಯಾಗಿ ಅಳಿಸಿಹೋದವು. ಇನ್ನು ಕೆಲವು ಮನೆಗಳಲ್ಲಿ ರಜೆ ಸಿಗದೆ ಕೆಲಸಕ್ಕೆಂದು ಉಳಿದ ಗಂಡ ಮಾತ್ರ ಉಳಿದ. ಹೆಂಡತಿ, ಮಕ್ಕಳು ಯಾರೂ ಇಲ್ಲದ ಮನೆಯ ಬಾಗಿಲನ್ನು ಅವನು ಮತ್ತೆ ತೆರೆಯಬೇಕಾಯಿತು.

ಇದು ಅಪಘಾತವಲ್ಲ, ಕೊಲೆ. ಹಿಂದಿನ ವರ್ಷ, 1984ರ ಜೂನ್‌ನಲ್ಲಿ, ಅಮೃತಸರದ ಸ್ವರ್ಣಮಂದಿರದಲ್ಲಿ ಸೇನಾ ಕಾರ್ಯಾಚರಣೆ ನಡೆದಿತ್ತು. ಅಕ್ಟೋಬರ್‌ನಲ್ಲಿ ಇಂದಿರಾ ಗಾಂಧಿಯವರ ಹತ್ಯೆ, ಅದರ ಬೆನ್ನಿಗೆ ಸಿಖ್ಖರ ನರಮೇಧ. ಆ ಗಾಯವನ್ನೇ ದ್ವೇಷಕ್ಕೆ ಬಂಡವಾಳ ಮಾಡಿಕೊಂಡ ಖಾಲಿಸ್ತಾನಿ ಉಗ್ರರ ಗುಂಪೊಂದು ಕೆನಡಾದ ಪಶ್ಚಿಮ ತೀರದಲ್ಲಿ ಕುಳಿತು ಈ ಸಂಚು ಹೂಡಿತು. ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಎರಡು ಸೂಟ್‌ಕೇಸುಗಳು ಎರಡು ವಿಮಾನಗಳಿಗೆ ಹತ್ತಿದವು. ಟಿಕೆಟ್ ಪಡೆದವರು ಮಾತ್ರ ಹತ್ತಲಿಲ್ಲ. ಒಂದು ಪೂರ್ವಕ್ಕೆ ಟೊರಾಂಟೊ ಕಡೆಗೆ ಹೋಗಿ ಕನಿಷ್ಕದ ಹೊಟ್ಟೆ ಸೇರಿತು. ಇನ್ನೊಂದು ಪಶ್ಚಿಮಕ್ಕೆ ಟೋಕಿಯೊ ಕಡೆಗೆ ಹೋಯಿತು. ಅದನ್ನು ಅಲ್ಲಿಂದ ಬ್ಯಾಂಕಾಕ್‌ಗೆ ಹೊರಡುವ ಏರ್ ಇಂಡಿಯಾ ವಿಮಾನಕ್ಕೆ ದಾಟಿಸಬೇಕಿತ್ತು. ಅದು ನರಿಟಾ ವಿಮಾನ ನಿಲ್ದಾಣದಲ್ಲೇ ಸಿಡಿದು, ಸಾಮಾನು ಸಾಗಿಸುತ್ತಿದ್ದ ಇಬ್ಬರು ಜಪಾನಿ ಕೆಲಸಗಾರರು ಸತ್ತರು. ಅದಾಗಿ ಒಂದು ಗಂಟೆಯೂ ಕಳೆದಿರಲಿಲ್ಲ, ಐರ್ಲೆಂಡಿನ ಷಾನನ್ ನಿಯಂತ್ರಣ ಕೇಂದ್ರದ ರಾಡಾರ್ ಪರದೆಯಿಂದ ಕನಿಷ್ಕ ಮಾಯವಾಯಿತು. ಆಗ ಅದು 31,000 ಅಡಿ ಎತ್ತರದಲ್ಲಿತ್ತು. ವಿಮಾನದಿಂದ ಸಹಾಯ ಕೇಳುವ ಒಂದು ಮಾತೂ ಬರಲಿಲ್ಲ. ಅಷ್ಟು ಸಮಯವೇ ಅವರಿಗೆ ಸಿಕ್ಕಿರಲಿಲ್ಲ.

ಮುಂದಿನದು ಐರ್ಲೆಂಡಿನ ಕತೆ. ಆ ದೇಶಕ್ಕೂ ಈ ಜಗಳಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸತ್ತವರು ಅವರವರಲ್ಲ, ವಿಮಾನ ಅವರದಲ್ಲ. ಅದು ಅವರ ನೆಲಕ್ಕೆ ಬರುವುದೂ ಇರಲಿಲ್ಲ. ಸುದ್ದಿ ತಿಳಿದ ಕೂಡಲೇ ಹತ್ತಿರದಲ್ಲಿದ್ದ ಸರಕು ಹಡಗು ‘ಲಾರೆನ್ಶಿಯನ್ ಫಾರೆಸ್ಟ್’ ದಿಕ್ಕು ಬದಲಿಸಿ ಆ ಜಾಗಕ್ಕೆ ಧಾವಿಸಿತು. ಐರಿಷ್ ನೌಕಾಪಡೆಯ ‘ಆಶ್ಲಿಂಗ್’ ನೌಕೆ ಬಂತು. ಬ್ರಿಟಿಷ್ ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಬದುಕಿದವರನ್ನು ಎತ್ತಿಕೊಳ್ಳಲೆಂದು ಬಂದ ನಾವಿಕರು ಎತ್ತಿದ್ದು ಹೆಣಗಳನ್ನು. ಅವುಗಳಲ್ಲಿ ಮಕ್ಕಳ ದೇಹಗಳು, ಅವುಗಳ ನಡುವೆ ತೇಲುತ್ತಿದ್ದ ಆಟದ ಸಾಮಾನುಗಳು. ರಬ್ಬರ್ ದೋಣಿಯಲ್ಲಿ ಕುಳಿತು, ಕೆಲವೊಮ್ಮೆ ನೀರಿಗೇ ಇಳಿದು, ಆ ಹುಡುಗರು ಮಾಡಿದ ಕೆಲಸಕ್ಕೆ ಐರ್ಲೆಂಡ್ ಆಮೇಲೆ ಪದಕಗಳನ್ನು ಕೊಟ್ಟಿತು. ಅವರಲ್ಲಿ ಹಲವರು ಆ ದಿನವನ್ನು ಬದುಕಿನುದ್ದಕ್ಕೂ ಹೊತ್ತುಕೊಂಡೇ ನಡೆದರು.

ಆ ದಿನಗಳಲ್ಲಿ ಸಿಕ್ಕಿದ್ದು 131 ದೇಹಗಳು. ಅವನ್ನು ಕಾರ್ಕ್ ನಗರದ ಪ್ರಾದೇಶಿಕ ಆಸ್ಪತ್ರೆಗೆ ತಂದರು. ಕೆಲವೇ ದಿನಗಳಲ್ಲಿ ಕೆನಡಾದಿಂದ, ಭಾರತದಿಂದ ಸಂಬಂಧಿಕರು ಬಂದಿಳಿದರು. ಸಣ್ಣ ನಗರದ ಒಂದು ಆಸ್ಪತ್ರೆಯ ವೈದ್ಯರು, ದಾದಿಯರು, ಪೊಲೀಸರು, ಸ್ವಯಂಸೇವಕರು ಅವರ ಜೊತೆ ನಿಂತರು. ಗುರುತು ಹಿಡಿಯಲು ಫೋಟೊಗಳನ್ನು ನೋಡುವಾಗ ಪಕ್ಕದಲ್ಲಿ ಕುಳಿತರು. ಭಾಷೆ ಬೇರೆ, ದೇವರು ಬೇರೆ, ಸಾವಿನ ಕ್ರಮವೂ ಬೇರೆ. ಆದರೆ ಸಾವಿನ ಮನೆಗೆ ಹೋಗಿ ಸುಮ್ಮನೆ ಕೂರುವುದು ಐರಿಷ್ ಜನರಿಗೂ ಗೊತ್ತಿರುವ ಸಂಗತಿ. ಹೆಣ ಮನೆಯಲ್ಲಿರುವ ತನಕ ಊರಿನವರು ಬಂದು ಕೂತು ರಾತ್ರಿ ಕಳೆಯುವ ಪದ್ಧತಿ ಅವರಲ್ಲೂ ಇದೆ. ನಮ್ಮ ಹಳ್ಳಿಗಳಲ್ಲಿ ಯಾರೂ ಹೇಳಿಕಳಿಸದೆ ಅಕ್ಕಪಕ್ಕದವರು ಬಂದು ಜಗುಲಿಯ ಮೇಲೆ ಕೂರುವಂತೆ. ಅಂದು ಕಾರ್ಕ್‌ಗೆ ಹೋದ ಕುಟುಂಬಗಳು ನಲವತ್ತು ವರ್ಷಗಳ ನಂತರವೂ ಐರ್ಲೆಂಡಿನ ಹೆಸರು ಬಂದೊಡನೆ ಮೊದಲು ಹೇಳುವುದು ಈ ಮಾತನ್ನೇ: ಅವರು ನಮ್ಮೊಡನೆ ಇದ್ದರು.

ಉಳಿದ ಸುಮಾರು ಇನ್ನೂರು ಜನರ ದೇಹ ಸಿಗಲಿಲ್ಲ. ಈ ದುಃಖದ ಆಳ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ದೇಹವಿಲ್ಲದೆ ಅಂತ್ಯಕ್ರಿಯೆ ಹೇಗೆ? ಹೆಣ ಸಿಗದಿದ್ದಾಗ ದರ್ಭೆಯಲ್ಲಿ ಆಕೃತಿ ಮಾಡಿ ದಹಿಸುವ ಕ್ರಮ ನಮ್ಮ ಶಾಸ್ತ್ರಗಳಲ್ಲಿ ಇದೆ. ಅದನ್ನು ಬರೆದವರಿಗೆ ಕಡಲು, ಕಾಡು, ಯುದ್ಧಗಳಲ್ಲಿ ಕಾಣೆಯಾದವರ ಮನೆಯವರ ಸಂಕಟ ಗೊತ್ತಿದ್ದಿರಬೇಕು. ಆದರೆ ಕ್ರಮ ಮುಗಿದರೂ ಕಣ್ಣು ನಂಬಬೇಕಲ್ಲ. ಬದುಕಿರಬಹುದು, ಯಾವುದೋ ಹಡಗು ಎತ್ತಿಕೊಂಡಿರಬಹುದು ಎಂದು ಕಾಯುವ ಮನಸ್ಸಿಗೆ ಯಾವ ಮಂತ್ರ ಹೇಳುವುದು? ಭಾರತಿ ಮುಖರ್ಜಿಯವರ ‘ದ ಮ್ಯಾನೇಜ್‌ಮೆಂಟ್ ಆಫ್ ಗ್ರೀಫ್’ ಎಂಬ ಇಂಗ್ಲಿಷ್ ಕತೆ ಇದೇ ಪ್ರಶ್ನೆಯ ಸುತ್ತ ಹೆಣೆದದ್ದು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಟೊರಾಂಟೊದ ಹೆಂಗಸಿನ ಕತೆ ಅದು. ಅದಕ್ಕೂ ಮೊದಲು, 1987ರಲ್ಲಿ, ಅವರು ತಮ್ಮ ಪತಿ ಕ್ಲಾರ್ಕ್ ಬ್ಲೇಸ್ ಜೊತೆಗೂಡಿ ಈ ದುರಂತದ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದರು.

ಅಹಕಿಸ್ತಾಗೆ ಅರ್ಥ ಬರುವುದು ಇಲ್ಲಿ. ದೇಹ ಸಿಗದವರಿಗೆ ನಿಂತು ಅಳಲು ಒಂದು ಜಾಗ ಬೇಕಿತ್ತು. ಮೊದಲ ವರ್ಷದ ಹೊತ್ತಿಗೆ, ಅಂದರೆ 1986ರ ಜೂನ್ 23ಕ್ಕೆ, ಆ ಊರಿನ ಕಡಲಂಚಿನಲ್ಲಿ ಒಂದು ಸ್ಮಾರಕ ಸಿದ್ಧವಾಯಿತು. ಕಾರ್ಕ್‌ನ ಶಿಲ್ಪಿ ಕೆನ್ ಥಾಂಪ್ಸನ್ ಅಲ್ಲಿ ಕಲ್ಲಿನ ಸೂರ್ಯಗಡಿಯಾರವೊಂದನ್ನು ಕೆತ್ತಿದರು. ಅದರ ಬಳಿ ಗೋಡೆಯ ಮೇಲೆ ಸತ್ತವರ ಹೆಸರುಗಳಿವೆ. ಸುತ್ತ ಒಂದು ತೋಟವಿದೆ. ಊರಿನವರು ಅದನ್ನು ತಮ್ಮ ಹಿತ್ತಲಿನಂತೆ ನೋಡಿಕೊಂಡು ಬಂದಿದ್ದಾರೆ. ಅಲ್ಲಿ ಪ್ರತಿವರ್ಷ ಬೇರೆ ಬೇರೆ ಧರ್ಮಗಳ ಪ್ರಾರ್ಥನೆ ನಡೆಯುತ್ತದೆ. ಕೊನೆಗೆ ಹೂಗಳು ನೀರಿಗೆ ಸೇರುತ್ತವೆ. ನಮ್ಮಲ್ಲಿ ಶ್ರಾದ್ಧಕ್ಕೆ ಚಾಂದ್ರಮಾನದ ತಿಥಿ ನೋಡುತ್ತೇವೆ. ಇಂಗ್ಲಿಷ್ ತಾರೀಖು ಗೌಣ. ಆದರೆ ಈ ಕುಟುಂಬಗಳ ಪಾಲಿಗೆ ಜೂನ್ 23, ಬೆಳಗಿನ ಎಂಟೂಕಾಲು ಎಂಬುದೇ ತಿಥಿಯಾಗಿಬಿಟ್ಟಿದೆ. ಬೂದಿಯನ್ನು ನದಿಗೆ ಬಿಡುವ ಜನ, ತಮ್ಮವರನ್ನು ನುಂಗಿದ ಕಡಲನ್ನೇ ತೀರ್ಥ ಮಾಡಿಕೊಳ್ಳಬೇಕಾಗಿ ಬಂತು. ಎಲ್ಲರಿಂದ ಅದು ಆಗಿಲ್ಲ. ನಂಬಿಕೆಯನ್ನೇ ಕಳೆದುಕೊಂಡವರೂ ಇದ್ದಾರೆ. ಅವರೂ ಬಂದು ಅದೇ ಗೋಡೆಯ ಮುಂದೆ ನಿಲ್ಲುತ್ತಾರೆ.

ಇತ್ತ ಕೆನಡಾದಲ್ಲಿ ಏನಾಯಿತು? ಸತ್ತವರಲ್ಲಿ ಬಹುಪಾಲು ಜನ ಆ ದೇಶದ ಪ್ರಜೆಗಳು. ಅಲ್ಲಿಯ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳು. ಸಂಚು ನಡೆದದ್ದು, ಬಾಂಬು ಹತ್ತಿದ್ದು ಅಲ್ಲಿಯೇ. ಆದರೂ ಅಂದಿನ ಪ್ರಧಾನಿ ಬ್ರಯನ್ ಮಲ್‌ರೋನಿ ಸಂತಾಪ ಹೇಳಲು ಫೋನ್ ಮಾಡಿದ್ದು ರಾಜೀವ್ ಗಾಂಧಿಯವರಿಗೆ. ಒಬ್ಬ ಪ್ರಧಾನಿ ಇನ್ನೊಬ್ಬರಿಗೆ ಸಂತಾಪ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಕರೆಯಲ್ಲಿದ್ದ ಅರ್ಥವನ್ನು ಕುಟುಂಬಗಳು ಇಂದಿಗೂ ಮರೆತಿಲ್ಲ: ಸತ್ತವರು ನಿಮ್ಮವರು, ನಮ್ಮವರಲ್ಲ. ಬಿಳಿಯ ಮಕ್ಕಳು ತುಂಬಿದ್ದ ವಿಮಾನವಾಗಿದ್ದರೆ ಇದೇ ಮಾತು ಬರುತ್ತಿತ್ತೇ ಎಂದು ಅವರು ವರ್ಷಗಟ್ಟಲೆ ಕೇಳಿದರು. ಭಾರತದಲ್ಲಿಯೂ ಅದು ‘ಅಲ್ಲಿ ನೆಲೆಸಿದವರ’ ದುರಂತವಾಗಿ ನಿಧಾನವಾಗಿ ಮಸುಕಾಯಿತು. ಎರಡು ದೇಶಗಳ ನಡುವೆ 329 ಸಾವುಗಳು ಯಾರ ಲೆಕ್ಕಕ್ಕೂ ಸೇರದೆ ಉಳಿದವು.

ತಡೆಯಬಹುದಾಗಿತ್ತು ಎಂಬುದು ಆಮೇಲೆ ಗೊತ್ತಾದಾಗ ಗಾಯ ಇನ್ನಷ್ಟು ಬೇಯಿತು. ಸಾಮಾನಿನಲ್ಲಿ ಟೈಮ್ ಬಾಂಬ್ ಇಡಬಹುದು ಎಂದು ಏರ್ ಇಂಡಿಯಾ ಜೂನ್ ಮೊದಲ ದಿನವೇ ಎಚ್ಚರಿಕೆ ಕಳಿಸಿತ್ತು. ಸಂಚಿನ ಮುಖಂಡ ತಲ್ವಿಂದರ್ ಸಿಂಗ್ ಪರ್ಮಾರ್‌ನನ್ನು ಕೆನಡಾದ ಗುಪ್ತಚರರು ಹಿಂಬಾಲಿಸುತ್ತಿದ್ದರು. ಜೂನ್ 4ರಂದು ವ್ಯಾಂಕೂವರ್ ದ್ವೀಪದ ಡಂಕನ್ ಊರಿನ ಬಳಿಯ ಕಾಡಿಗೆ ಅವನು ಹೋದಾಗ ಒಳಗಿಂದ ಬಂದ ದೊಡ್ಡ ಸದ್ದನ್ನೂ ಕೇಳಿದ್ದರು. ಬಂದೂಕಿನ ಸದ್ದು ಎಂದುಕೊಂಡು ಬರೆದಿಟ್ಟರು. ಅದು ಬಾಂಬಿನ ಪರೀಕ್ಷೆಯಾಗಿತ್ತು. ದುರಂತಕ್ಕೆ ಕೆಲವು ದಿನ ಮೊದಲು ಅವನ ಹಿಂದಿದ್ದ ಕಾವಲನ್ನು ತೆಗೆದರು. ಟೊರಾಂಟೊ ನಿಲ್ದಾಣದಲ್ಲಿ ಸಾಮಾನು ಪರೀಕ್ಷಿಸುವ ಎಕ್ಸ್‌ರೇ ಯಂತ್ರ ಅಂದೇ ಕೆಟ್ಟುನಿಂತಿತ್ತು. ಪರ್ಮಾರ್‌ನ ಫೋನ್ ಮಾತುಗಳನ್ನು ಧ್ವನಿಮುದ್ರಿಸಿಕೊಂಡಿದ್ದ ಟೇಪುಗಳಲ್ಲಿ ಬಹುಪಾಲನ್ನು ಗುಪ್ತಚರ ಸಂಸ್ಥೆಯೇ ಅಳಿಸಿಹಾಕಿತು.

ತನಿಖೆಯ ಕತೆಯೂ ಇಷ್ಟೇ ದಣಿಸುವಂಥದು. ಸುಮಾರು ಎರಡು ಕಿಲೋಮೀಟರ್ ಆಳದ ಕಡಲ ತಳದಿಂದ ಬ್ಲ್ಯಾಕ್ ಬಾಕ್ಸುಗಳನ್ನು ಮೂರು ವಾರದೊಳಗೆ ಮೇಲೆತ್ತಿದ್ದರು. ಅಷ್ಟು ಆಳದಿಂದ ತರುವುದು ಆ ಕಾಲಕ್ಕೆ ಸಾಮಾನ್ಯ ಸಾಧನೆಯಲ್ಲ. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್ ಅವರ ವಿಚಾರಣೆ 1986ರಲ್ಲೇ ಇದು ಬಾಂಬಿನ ಕೆಲಸ ಎಂದು ತೀರ್ಮಾನಿಸಿತು. ಆದರೆ ಕೆನಡಾದಲ್ಲಿ ಮುಖ್ಯ ಮೊಕದ್ದಮೆ ಶುರುವಾಗಿದ್ದು 2003ರಲ್ಲಿ. ಪರ್ಮಾರ್ 1992ರಲ್ಲೇ ಪಂಜಾಬಿನಲ್ಲಿ ಪೊಲೀಸರ ಕೈಯಲ್ಲಿ ಸತ್ತಿದ್ದ. ಸುಮಾರು 13 ಕೋಟಿ ಡಾಲರ್ ಖರ್ಚಾದ ಬಳಿಕ, 2005ರ ಮಾರ್ಚ್ 16ರಂದು, ಸಾಕ್ಷ್ಯ ಸಾಲದು ಎಂದು ಇಬ್ಬರು ಪ್ರಮುಖ ಆರೋಪಿಗಳು ಬಿಡುಗಡೆಯಾದರು. ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ. ಬಾಂಬಿನ ಭಾಗಗಳನ್ನು ಹೊಂದಿಸಿಕೊಟ್ಟ ಇಂದರ್‌ಜಿತ್ ಸಿಂಗ್ ರೇಯತ್‌ಗೆ ಕನಿಷ್ಕ ಪ್ರಕರಣದಲ್ಲಿ ಸಿಕ್ಕಿದ್ದು ಐದು ವರ್ಷದ ಸಜೆ. ನ್ಯಾಯಾಲಯದಲ್ಲಿ ಸುಳ್ಳು ಹೇಳಿದ್ದಕ್ಕೆ ಅದಕ್ಕಿಂತ ಹೆಚ್ಚು ಸಿಕ್ಕಿತು: ಒಂಬತ್ತು ವರ್ಷ.

ಇಷ್ಟಾದರೂ ಕುಟುಂಬಗಳು ಸುಮ್ಮನಾಗಲಿಲ್ಲ. ಅವರ ಒತ್ತಾಯದಿಂದಲೇ 2006ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ ರಚನೆಯಾಯಿತು. 2010ರ ಜೂನ್‌ನಲ್ಲಿ ಬಂದ ಅದರ ವರದಿಯ ಹೆಸರಿನಲ್ಲೇ ಇದು ಕೆನಡಾದ ದುರಂತ ಎಂಬ ಮಾತಿದೆ. ಸರಕಾರದ ತಪ್ಪುಗಳ ಸರಮಾಲೆಯನ್ನೂ, ನೊಂದವರನ್ನು ಎದುರಾಳಿಗಳಂತೆ ನಡೆಸಿಕೊಂಡದ್ದನ್ನೂ ಅದು ಮುಲಾಜಿಲ್ಲದೆ ಹೇಳಿತು. ಅದೇ ಜೂನ್ 23ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಟೊರಾಂಟೊದ ಕೆರೆಯಂಚಿನ ಸ್ಮಾರಕದ ಬಳಿ ನಿಂತು ಕ್ಷಮೆ ಕೇಳಿದರು. ಇವರು ನಮ್ಮವರೇ ಎಂದು ಒಂದು ದೇಶ ಬಾಯಿಬಿಟ್ಟು ಒಪ್ಪಿಕೊಳ್ಳಲು ಇಪ್ಪತ್ತೈದು ವರ್ಷ ಬೇಕಾಯಿತು. ಅಹಕಿಸ್ತಾಕ್ಕೆ ಒಂದೇ ವರ್ಷ ಸಾಕಾಗಿತ್ತು.

ಈ ಕತೆಯಲ್ಲಿ ಸಿಖ್ಖರನ್ನು ಒಂದೇ ಬದಿಯಲ್ಲಿ ನಿಲ್ಲಿಸುವುದು ಅನ್ಯಾಯ. ಕನಿಷ್ಕದಲ್ಲಿ ಸತ್ತವರಲ್ಲಿ ಸಿಖ್ಖರೂ ಇದ್ದರು. ವಿಮಾನದ ಸಹಪೈಲಟ್ ಸತ್ವಿಂದರ್ ಸಿಂಗ್ ಭಿಂದರ್. ಉಗ್ರರ ವಿರುದ್ಧ ಬರೆಯುತ್ತಿದ್ದ, ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ ಪಂಜಾಬಿ ಪತ್ರಿಕೆಯ ಸಂಪಾದಕ ತಾರಾ ಸಿಂಗ್ ಹಯರ್ ಅವರ ಮೇಲೆ 1988ರಲ್ಲಿ ಗುಂಡು ಹಾರಿತು. ಗಾಲಿಕುರ್ಚಿ ಹಿಡಿದ ಮೇಲೂ ಅವರು ಬರೆಯುವುದನ್ನು ಬಿಡಲಿಲ್ಲ. 1998ರಲ್ಲಿ ಅವರನ್ನು ಮನೆಯಲ್ಲೇ ಕೊಂದರು. ಅವರ ಹೇಳಿಕೆ ಅವರೊಂದಿಗೇ ನ್ಯಾಯಾಲಯದ ಹೊರಗೆ ಉಳಿಯಿತು. ಸತ್ತವರ ಪಟ್ಟಿಗೆ ಅವರ ಹೆಸರನ್ನೂ ಸೇರಿಸಿಯೇ ಈ ದಿನವನ್ನು ನೆನೆಯಬೇಕು.

ಎಲ್ಲವನ್ನೂ ಕಳೆದುಕೊಂಡವರು ಆಮೇಲೆ ಹೇಗೆ ಬದುಕಿದರು ಎಂಬುದಕ್ಕೆ ಎರಡು ಉದಾಹರಣೆ ಹೇಳಬೇಕು. ಒಟ್ಟಾವಾದಲ್ಲಿ ಕೆನಡಾ ಸರಕಾರದ ಆರೋಗ್ಯ ಇಲಾಖೆಯಲ್ಲಿ ವಿಜ್ಞಾನಿಯಾಗಿದ್ದ ಚಂದ್ರಶೇಖರ ಸಂಕುರಾತ್ರಿ ಆ ವಿಮಾನದಲ್ಲಿ ಹೆಂಡತಿಯನ್ನೂ ಆರು ವರ್ಷದ ಮಗನನ್ನೂ ಮೂರು ವರ್ಷದ ಮಗಳನ್ನೂ ಕಳೆದುಕೊಂಡರು. ಕೆಲವು ವರ್ಷ ಹೇಗೋ ದೂಡಿ, ಕೆಲಸ ಬಿಟ್ಟು, ಆಂಧ್ರದ ಕಾಕಿನಾಡಕ್ಕೆ ಬಂದರು. ಅಲ್ಲಿ ಬಡಮಕ್ಕಳಿಗೆ ಮಗಳ ಹೆಸರಿನಲ್ಲಿ ಶಾರದಾ ವಿದ್ಯಾಲಯಂ ಎಂಬ ಶಾಲೆ ತೆರೆದರು. ಮಗನ ಹೆಸರಿನಲ್ಲಿ ಶ್ರೀಕಿರಣ್ ಕಣ್ಣಾಸ್ಪತ್ರೆ ಕಟ್ಟಿದರು. ಅಲ್ಲಿ ಇದುವರೆಗೆ ಲಕ್ಷಕ್ಕೂ ಹೆಚ್ಚು ಜನರ ಕಣ್ಣಿನ ಶಸ್ತ್ರಚಿಕಿತ್ಸೆ ನಡೆದಿದೆ. ಅದರಲ್ಲಿ ಬಹುಪಾಲು ಉಚಿತ. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇನ್ನೊಬ್ಬರು ಭರತನಾಟ್ಯ ಕಲಾವಿದೆ ಲತಾ ಪಾದ. ನೃತ್ಯದ ಕೆಲಸಕ್ಕೆಂದು ಮೊದಲೇ ಭಾರತಕ್ಕೆ ಬಂದಿದ್ದ ಅವರನ್ನು ಸೇರಿಕೊಳ್ಳಲು ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳು ಕನಿಷ್ಕ ಹತ್ತಿದ್ದರು. ಅವರು ಕೆನಡಾಕ್ಕೆ ಮರಳಿ ನೃತ್ಯಸಂಸ್ಥೆ ಕಟ್ಟಿದರು, ನೂರಾರು ಮಕ್ಕಳಿಗೆ ಕಲಿಸಿದರು. ಹದಿನಾರು ವರ್ಷಗಳ ನಂತರ, 2001ರಲ್ಲಿ, ತಮ್ಮ ಆ ನಷ್ಟವನ್ನೇ ವಸ್ತುವಾಗಿಸಿ ‘ರಿವೀಲ್ಡ್ ಬೈ ಫೈರ್’ ಎಂಬ ಪ್ರಯೋಗವನ್ನು ರಂಗಕ್ಕೆ ತಂದರು.

ಇವರನ್ನು ನೋಡಿ ದುಃಖದಿಂದ ಒಳ್ಳೆಯದೇ ಆಯಿತು ಎನ್ನುವುದು ಕ್ರೂರವಾದೀತು. ಆ ಆಸ್ಪತ್ರೆ ಇಲ್ಲದೆ ಆ ಮೂವರು ಇದ್ದಿದ್ದರೆ ಎಂದು ಯಾರೂ ತಕ್ಕಡಿ ಹಿಡಿಯಲಾಗದು. ನಮ್ಮ ಭಾಷೆಯಲ್ಲಿ ‘ಋಣ’ ಎಂಬ ಮಾತಿದೆ. ಸಾಲವನ್ನು ಕೊಟ್ಟವನಿಗೇ ಹಿಂದಿರುಗಿಸುತ್ತೇವೆ. ಋಣ ಹಾಗಲ್ಲ. ತಾಯಿಯ ಋಣವನ್ನು ಮಕ್ಕಳಿಗೆ ತೀರಿಸುತ್ತೇವೆ, ಗುರುವಿನದನ್ನು ಶಿಷ್ಯರಿಗೆ. ಮೂರು ವರ್ಷ ಮಾತ್ರ ಜೊತೆಗಿದ್ದ ಮಗಳ ಋಣವನ್ನು ಒಬ್ಬ ತಂದೆ ಯಾರದೋ ಮಕ್ಕಳಿಗೆ ಅಕ್ಷರ ಕಲಿಸಿ ತೀರಿಸುತ್ತಾನೆ. ಅಹಕಿಸ್ತಾದ ಜನರ ಋಣವನ್ನು ಆ ಕುಟುಂಬಗಳು ಪ್ರತಿವರ್ಷ ಅಲ್ಲಿಗೆ ಹೋಗಿ, ಅವರ ಮಕ್ಕಳು ಮೊಮ್ಮಕ್ಕಳನ್ನು ಮಾತನಾಡಿಸಿ ನೆನೆಯುತ್ತವೆ. ಈ ಕೃತಜ್ಞತೆ ನ್ಯಾಯದ ಬೇಡಿಕೆಯನ್ನು ಮೆತ್ತಗೆ ಮಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ಐರ್ಲೆಂಡಿಗೆ ಕೈಮುಗಿದವರೇ ಒಟ್ಟಾವಾದ ಬಾಗಿಲನ್ನು ಇಪ್ಪತ್ತೈದು ವರ್ಷ ತಟ್ಟಿದರು. ಎರಡಕ್ಕೂ ಬೇರು ಒಂದೇ, ಸತ್ತವರ ಮೇಲಿನ ಪ್ರೀತಿ.

2025ರ ಜೂನ್ 23ಕ್ಕೆ ನಲವತ್ತು ವರ್ಷ ತುಂಬಿತು. ಅಂದು ಅಹಕಿಸ್ತಾದಲ್ಲಿ ಐರ್ಲೆಂಡಿನ ಪ್ರಧಾನಿ ಮೀಹಾಲ್ ಮಾರ್ಟಿನ್ ಇದ್ದರು, ಕೆನಡಾ ಮತ್ತು ಭಾರತದ ಸಚಿವರೂ ಇದ್ದರು. ಅದಕ್ಕೆ ಎರಡು ವರ್ಷ ಮೊದಲು ಕೆನಡಾದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಈ ದುರಂತದ ಬಗ್ಗೆ ತಮಗೆ ಏನೂ ಗೊತ್ತಿಲ್ಲ, ಗೊತ್ತಿದ್ದರೂ ಅಲ್ಪಸ್ವಲ್ಪ ಎಂದಿದ್ದರು. ನಮ್ಮಲ್ಲಿ ಕೇಳಿದರೂ ಉತ್ತರ ಬೇರೆಯಾಗಲಾರದು. ತಂದೆತಾಯಿಯರ ಪೀಳಿಗೆ ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದೆ. ಅಂದು ದೋಣಿಯಲ್ಲಿದ್ದ ನಾವಿಕರಿಗೂ ವಯಸ್ಸಾಗಿದೆ.

ದೇಶದ ದುರಂತ ಎಂಬ ಪದವನ್ನು ನಾವು ಸುಲಭವಾಗಿ ಬಳಸುತ್ತೇವೆ. ಸತ್ತವರ ಸಂಖ್ಯೆಯಾಗಲಿ ಪಾಸ್‌ಪೋರ್ಟಿನ ಬಣ್ಣವಾಗಲಿ ಅದನ್ನು ನಿರ್ಧರಿಸುವುದಿಲ್ಲ ಎಂದು ಕನಿಷ್ಕದ ನಲವತ್ತು ವರ್ಷಗಳು ತೋರಿಸಿವೆ. ಯಾರು ಬಂದು ಜೊತೆಯಲ್ಲಿ ಕೂತರೋ ಅವರ ದುರಂತ ಅದು. ಮುಂದಿನ ಜೂನ್ 23ರಂದು ಷೀಪ್ಸ್ ಹೆಡ್‌ನಲ್ಲಿ ಮಳೆಯಿರಲಿ ಬಿಸಿಲಿರಲಿ, ಊರಿನವರು ತೋಟದ ಹುಲ್ಲು ಕತ್ತರಿಸಿ, ಗೋಡೆಯ ಮೇಲಿನ ಹೆಸರುಗಳನ್ನು ಒರೆಸಿ ಕಾಯುತ್ತಿರುತ್ತಾರೆ. ಅಷ್ಟು ದೂರ ಹೋಗಲಾಗದ ನಾವು ಆ ಬೆಳಿಗ್ಗೆ ಒಂದು ನಿಮಿಷ ಆ ಹೆಸರುಗಳನ್ನು ನೆನೆಯಬಹುದು.